ಲಗ್ನದ ಪಟ್ಟಿ, ಲಿನಕ್ಸ್ ಪೈಪು

ಚಂದ್ರಬಂಡದ ಲಗ್ನದ ಮನೆ. ಪತ್ರಿಕೆ ಹಂಚಬೇಕಾದ ಊರುಗಳ ಪಟ್ಟಿ ಜೋಡಿಸಲು ತಮ್ಮನ ಮಗ ಲಿನಕ್ಸ್ ಟರ್ಮಿನಲ್ ತೆರೆದ. ಕರ್ರಗಿನ ಪರದೆ ಕಂಡು ಕಾಕಾ, “ಯಾಕೋ, ಕರೆಂಟ್ ಹೋತೇನು?” ಎಂದರು.

ಎರಡೆರಡು ಸಲ ಬಂದ ಊರುಗಳನ್ನು ತೆಗೆಯಲು ‘ಯುನಿಕ್’ ಎಂಬ ಆಜ್ಞೆಗೆ ಹೇಳಿದ್ದಾಯಿತು. ಮಾನ್ವಿ, ದೇವದುರ್ಗ ಹಾಗೇ ಉಳಿದವು! ಈ ಯುನಿಕ್ ಪಕ್ಕದ ಸಾಲು ಬಿಟ್ಟು ಆಚೆ ಕಣ್ಣೆತ್ತಿ ನೋಡದ ಪ್ರಾಣಿ. ಮೊದಲು ‘ಸಾರ್ಟ್’ ಎಲ್ಲರನ್ನೂ ಪಂಕ್ತಿಯಲ್ಲಿ ಕೂರಿಸಬೇಕು. ಮಧ್ಯೆ ಒಂದರ ಉತ್ತರವನ್ನು ಇನ್ನೊಂದಕ್ಕೆ ಹರಿಸುವ ಪೈಪ್ ಗೆರೆ ಎಳೆಯಬೇಕು. ಈ ಪೈಪಿಗಾಗಿ ಗಣಕತಜ್ಞ ಡಗ್ ಮೆಕಿಲ್‌ರಾಯ್ ವರ್ಷಗಟ್ಟಲೆ ಬೆನ್ನುಹತ್ತಿದ ಮೇಲೆ, ಕೊನೆಗೆ 1973ರಲ್ಲಿ ಅವರ ಸಹೋದ್ಯೋಗಿ ಕೆನ್ ಥಾಂಪ್ಸನ್ ಅದನ್ನು ಲಿನಕ್ಸಿಗೆ ಮಾದರಿಯಾದ ಯುನಿಕ್ಸ್‌ಗೆ ಜೋಡಿಸಿಕೊಟ್ಟರಂತೆ. ಪೈಪು ಹಾಕಿದ ದಿನವೇ ಹರಿಯತೊಡಗಿತು ಎಂಬುದನ್ನು ನಮ್ಮ ಕಡೆಯವರು ಸುಲಭಕ್ಕೆ ನಂಬುವುದಿಲ್ಲ.

ಅಷ್ಟಾದರೂ ಚಂದ್ರಬಂಡ ಎರಡು ಊರಾಗಿಯೇ ಉಳಿಯಿತು. ಯಾರೋ ದೀರ್ಘ ಎಳೆದು ‘ಚಂದ್ರಬಂಡಾ’ ಎಂದು ಬರೆದಿದ್ದರು. ತಿದ್ದುವ ‘ಸೆಡ್’ ಕರೆದು ಆ ದೀರ್ಘ ಕತ್ತರಿಸಿದ್ದಾಯಿತು.

ಕಾಕಾನಿಗೆ ಹುರುಪು ಬಂತು. “ನಮ್ಮೂರಿನ ಅಕ್ಷರ ಎಣಸು ನೋಡೂಣು.” ಕಣ್ಣಿಗೆ ಕಾಣುವುದು ನಾಲ್ಕು, ಎಣಿಸುವ ‘ಡಬ್ಲ್ಯುಸಿ’ 8 ಎಂದಿತು, ಬೈಟು ಕೇಳಿದರೆ 24! ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಅನುಸ್ವಾರಕ್ಕೂ ಹಲಂತಕ್ಕೂ ಬೇರೆ ಬೇರೆ ಲೆಕ್ಕ, ಒಂದೊಂದಕ್ಕೆ 3 ಬೈಟು.

“ಹಂಗಾದ್ರ ಪತ್ರಿಕಿ ಇಪ್ಪತ್ನಾಕು ಜಾಸ್ತಿ ಹಾಕಸ್ರಪಾ,” ಎಂದರು ಕಾಕಾ.