ಕಿಲೋಮೀಟರಿಗೆ ನೂರು ರೂಪಾಯಿ

ಬೆಂಗಳೂರಿನಲ್ಲಿರುವ ನಮ್ಮ ತಂಗಿಯ ಮಗ ಫೋನು ಮಾಡಿದ. ‘ಮಾವ, ಮ್ಯಾರಥಾನ್ ಓಡ್ತಿದೀನಿ. ವಿದೇಶದ ನಿರ್ಗತಿಕ ಮಕ್ಕಳಿಗೋಸ್ಕರ. ಕಿಲೋಮೀಟರಿಗೆ ನೂರು ರೂಪಾಯಿ ಅಂತ ನಿಮ್ಮ ಹೆಸರು ಬರ್ಕೊಳ್ಳಲಾ?’ ಬೆವರು ಅವನದು, ದುಡ್ಡು ನನ್ನದು, ಪುಣ್ಯ ಯಾರ ಖಾತೆಗಪ್ಪಾ ಎಂದು ಕೇಳೋಣವೆನ್ನಿಸಿತು. ಕೇಳಲಿಲ್ಲ. ಬೀದಿ ತುದಿಯ ಹಾಲಿನಂಗಡಿಗೂ ಸ್ಕೂಟರಿನಲ್ಲಿ ಹೋಗುವವನು ಓಡುತ್ತೇನೆ ಎಂದಾಗ ಅಡ್ಡಬಾಯಿ ಹಾಕಬಾರದು.

ಮ್ಯಾರಥಾನ್ ಎಂದರೆ 42 ಕಿಲೋಮೀಟರ್, ಮೇಲೆ 195 ಮೀಟರ್. ಈ ಚಿಲ್ಲರೆ ಎಲ್ಲಿಂದ ಬಂತು? 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟ ವಿಂಡ್ಸರ್ ಅರಮನೆಯಿಂದ ಹೊರಟು ರಾಜಮನೆತನದವರು ಕೂತ ಜಾಗದ ಮುಂದೆ ಮುಗಿಯಿತು. 1921ರಲ್ಲಿ ಅದೇ ಅಳತೆ ಕಾಯಂ ಆಯಿತು. ನಮ್ಮ ಕಡೆ ಟಾರು ರಸ್ತೆ ಮಂತ್ರಿಗಳ ಕಾರು ನಿಲ್ಲುವಲ್ಲಿಗೆ ಮುಗಿಯುತ್ತದಲ್ಲ, ಹಾಗೆ. ತುಮಕೂರಿನಿಂದ ಕೊರಟಗೆರೆ ಹಾದು ಮಧುಗಿರಿಗೆ ಬಂದರೆ ಹೆಚ್ಚೂಕಡಿಮೆ ಇಷ್ಟೇ ದೂರ. ಸಂತೆ ದಿನ ನಮ್ಮವರು ಅಷ್ಟನ್ನೂ ಬಸ್ಸಿನಲ್ಲಿ ಒಂಟಿಕಾಲಲ್ಲಿ ಬರುತ್ತಾರೆ. ಇಲ್ಲಿಯವರೆಗೆ ಯಾರ ಕೊರಳಿಗೂ ಪದಕ ಬಿದ್ದಿಲ್ಲ.

ನನ್ನನ್ನು ಕಾಡಿದ್ದು ‘ವಿದೇಶ’ ಎಂಬ ಮಾತು. ಅದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದರೆ ನಮ್ಮದೂ ಒಂದು ಜಿಲ್ಲೆ. ಗಾಬರಿ ಬೇಡ, ಶೈಕ್ಷಣಿಕ ಜಿಲ್ಲೆ ಮಾತ್ರ. ಡಿಸಿ ಸಾಹೇಬರು, ಖಜಾನೆ, ಕಚೇರಿ ಎಲ್ಲ ತುಮಕೂರಿಗೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬೈಸಿಕೊಳ್ಳುವುದಕ್ಕೆ ಮಾತ್ರ ನಾವು ಪ್ರತ್ಯೇಕ. ಈ ನಾಲ್ಕರಲ್ಲಿ ಪಾವಗಡದ ಕಥೆಯೇ ಬೇರೆ. ಒಂದು ಕಡೆ ಚಿತ್ರದುರ್ಗ, ಉಳಿದ ಕಡೆಯೆಲ್ಲ ಆಂಧ್ರ. ಮಧುಗಿರಿಯಿಂದ ನೆಟ್ಟಗೆ ಹೋದರೆ ನಡುವೆ ಆಂಧ್ರದ ನೆಲ ತುಳಿದೇ ಹೋಗಬೇಕು. ಗಡಿ ದಾಟಿ ಹೋಗುವ ಊರು ವಿದೇಶವಲ್ಲದೆ ಇನ್ನೇನು? ಬರಪೀಡಿತ ತಾಲ್ಲೂಕುಗಳ ಪಟ್ಟಿ ಯಾವ ವರ್ಷ ಬಂದರೂ ಅದರ ಹೆಸರು ಹುಡುಕಬೇಕಾಗಿಲ್ಲ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಕಂದುಗಟ್ಟಿದ ಹಲ್ಲು ಕಾಣಬಾರದೆಂದು ಮಕ್ಕಳು ಕೈ ಅಡ್ಡ ಹಿಡಿದು ನಗುತ್ತಾರೆ. ಅದೇ ತಾಲ್ಲೂಕಿನ ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಸೌರ ಫಲಕ ಹಾಸಿ 2,050 ಮೆಗಾವ್ಯಾಟ್ ವಿದ್ಯುತ್ತು ತೆಗೆಯುತ್ತಾರೆ. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಗುತ್ತಿಗೆ ಬಂತು. ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಿಸಿಲು ಉಳಿಯಿತು. ಅದೂ ಈಗ ಕಂಪನಿಯದು. ಅವರು ಗಂಟುಮೂಟೆ ಕಟ್ಟಿ ಬೆಂಗಳೂರಿನ ಬಸ್ಸು ಹತ್ತಿದರು.

ಇಳಿದದ್ದೆಲ್ಲಿ ಎಂದು ಹೋದ ತಿಂಗಳು ಕಣ್ಣಾರೆ ಕಂಡೆ. ಅಳಿಯನ ಅಪಾರ್ಟ್‌ಮೆಂಟಿನ ಗೇಟಿನ ಎದುರಿಗೆ ಇನ್ನೊಂದು ಅಪಾರ್ಟ್‌ಮೆಂಟು ಏಳುತ್ತಿದೆ. ಅದರ ಬುಡದಲ್ಲಿ ಸಾಲಾಗಿ ತಗಡಿನ ಶೆಡ್ಡು, ಮೇಲೆ ನೀಲಿ ಟಾರ್ಪಾಲು, ಹಾರದಿರಲೆಂದು ಇಟ್ಟಿಗೆ. ಎಲ್ಲಿಂದಲೋ ಎಳೆದ ವೈರಿಗೆ ಒಂದೇ ಬಲ್ಬು. ಮಾತಾಡಿಸಿದರೆ ಪಾವಗಡದ ಕಡೆಯವರು. ಬೆಳಿಗ್ಗೆ ಐದೂವರೆಗೆ ಅಳಿಯ ಕೈಗಡಿಯಾರ ಒತ್ತಿಕೊಂಡು ಅಭ್ಯಾಸಕ್ಕೆ ಓಡಿದ. ಅದೇ ಹೊತ್ತಿಗೆ ಟ್ಯಾಂಕರ್ ಬಂತೆಂದು ಎಂಟೋ ಒಂಬತ್ತೋ ವರ್ಷದ ಹುಡುಗಿ ಬರಿಗಾಲಲ್ಲಿ ಬಿಂದಿಗೆ ಹಿಡಿದು ಓಡಿದಳು. ಅವಳೇ ಮುಂದಿದ್ದಳು. ಅವನು ‘ಪಕ್ಕಕ್ಕಮ್ಮಾ’ ಅಂದ. ಮನೆ ಕಟ್ಟುವವರ ಮಕ್ಕಳಿಗೆ ಮನೆಯಿಲ್ಲ, ಅದಕ್ಕೆ ನಾವು ಹಾಕಿರುವ ಹೆಸರು ‘ಲೇಬರ್ ಶೆಡ್’. ನಿರ್ಗತಿಕರು ಅಂದರೆ ಪಾಸ್‌ಪೋರ್ಟ್ ಇರಬೇಕು ಅಂತ ಕಾಣುತ್ತದೆ.

ವಿದೇಶದ ಮಕ್ಕಳ ಮೇಲೆ ನನಗೇನೂ ಮುನಿಸಿಲ್ಲ. ಚಳಿಯಲ್ಲಿ ಬೀದಿಗೆ ಬಿದ್ದ ಮಗು ಎಲ್ಲಿದ್ದರೂ ಮಗುವೇ. ಆದರೆ ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ಮಧುಗಿರಿಯ ಏಕಶಿಲಾ ಬೆಟ್ಟದ ಬುಡದಲ್ಲಿ ಬೆಳೆದವನಿಗೆ ಆ ಗಾದೆ ಅರ್ಧ ಸುಳ್ಳು. ನಮ್ಮದು ಹತ್ತಿರದಿಂದಲೂ ನುಣ್ಣಗೇ ಇದೆ, ಅದಕ್ಕೇ ಕಾಲು ಜಾರುವುದು. ಎದುರುಮನೆಯ ಬಡತನವೂ ಹಾಗೆಯೇ. ದೂರದಿಂದ ಫೋಟೊ ಚೆನ್ನ. ಹತ್ತಿರ ಹೋದರೆ ಜಾರಿ ಬೀಳುವ ಭಯ.

ಅಳಿಯನಿಗೆ ಆ 195 ಮೀಟರಿನ ಬಾಬ್ತು ಹತ್ತೊಂಬತ್ತೂವರೆ ರೂಪಾಯಿ ಕಳಿಸಿದ್ದೇನೆ. ರಾಜಮನೆತನದ ಮರ್ಯಾದೆ ಕಳೆಯಬಾರದು ನೋಡಿ. ಉಳಿದ 4,200 ನನ್ನ ಹತ್ತಿರವೇ ಇದೆ. ಗೇಟು ದಾಟಿ ಎದುರಿನ ಶೆಡ್ಡಿನವರೆಗೆ ಹೋಗಿ ಆ ಹುಡುಗಿಯ ಹೆಸರು ಕೇಳಿಕೊಂಡು ಬಾ ಮಾರಾಯ, ಪೂರ್ತಿ ಕೊಡುತ್ತೇನೆ. ಓಡಬೇಕಾಗಿಲ್ಲ, ನಡೆದರೂ ಸಾಕು.