ಬರ್ಲಿ, ಬರ್ಲಿ, ಹೋಲ್ಡಾನ್!

ನಮಗೀಗ ಎರಡು ಮನೆ. ಒಂದು ಡೆನ್ವರ್ ಊರಾಚೆ ಕದಲದೆ ನಿಂತಿದೆ. ಇನ್ನೊಂದಕ್ಕೆ ನಾಲ್ಕು ಚಕ್ರ, 28 ಅಡಿ ಉದ್ದ, ಒಳಗೆ ಅಡುಗೆಮನೆ, ಬಚ್ಚಲು, ಮಂಚ ಎಲ್ಲವೂ ಇವೆ, ಎಂಜಿನ್ ಒಂದಿಲ್ಲ. ಅದನ್ನು ಎಳೆಯುವುದಕ್ಕೆಂದೇ ಪಿಕಪ್ ಟ್ರಕ್ ಕೊಂಡೆವು. ಎಮ್ಮೆ ಕೊಂಡು ಕೊಟ್ಟಿಗೆ ಕಟ್ಟಿಸಿದ ಹಾಗೆ. ತೀರ್ಥಹಳ್ಳಿಯಿಂದ ಆರು ತಿಂಗಳಿಗೆಂದು ಬಂದಿರುವ ಅಮ್ಮ ಈ ಟ್ರೇಲರನ್ನು ಒಂದು ಸುತ್ತು ಬಂದು ನೋಡಿ, “ಮನೆ ಕಟ್ಕೊಂಡೇ ಹೋಗೋದಾದ್ರೆ ಮನೆ ಬಿಟ್ಟು ಹೋಗೋದು ಯಾಕೆ ಮಾರಾಯ?” ಅಂದಳು.

ಜುಲೈನಲ್ಲಿ ಮೊಂಟಾನಾದ ಗ್ಲೇಷಿಯರ್ ನ್ಯಾಷನಲ್ ಪಾರ್ಕಿಗೆ ಹೋಗುವುದೆಂದು ಜನವರಿಯಲ್ಲೇ ಊಟದ ಮೇಜಿನ ಮೇಲೆ ನಕಾಶೆ ಹಾಸಿದೆ. ಸುಮಾರು ಸಾವಿರ ಮೈಲಿ. ದಾರಿಯುದ್ದಕ್ಕೂ ಬೆಟ್ಟ. ಮಾರಿದವನ ಬಣ್ಣದ ಪುಸ್ತಕದಲ್ಲಿ ಟ್ರೇಲರಿನ ಕಿಟಕಿಯಾಚೆ ಹಿಮದ ಶಿಖರ, ಈಚೆ ಕಾಫಿ ಲೋಟ ಇತ್ತಲ್ಲ, ಆ ಚಿತ್ರಕ್ಕೇ ನಾನು ಬಿದ್ದದ್ದು. ಆ ಕಿಟಕಿಯನ್ನು ಅಲ್ಲಿಯವರೆಗೆ ಒಯ್ಯುವುದು ಹೇಗೆಂದು ಪುಸ್ತಕದಲ್ಲಿ ಇರಲಿಲ್ಲ.

ಚಂದದ ರಸ್ತೆಗೂ ಉದ್ದದ ಗಾಡಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ಮೊದಲ ವಾರದಲ್ಲೇ ಗೊತ್ತಾಯಿತು. ನಮ್ಮ ಕೊಲೊರಾಡೊದ್ದೇ ಇಂಡಿಪೆಂಡೆನ್ಸ್ ಪಾಸ್ ನೋಡಿ: 12,095 ಅಡಿ ಎತ್ತರ, 35 ಅಡಿಗಿಂತ ಉದ್ದದ ವಾಹನಕ್ಕೆ ಪ್ರವೇಶವಿಲ್ಲ. ಗಾಡಿ, ಟ್ರೇಲರ್ ಸೇರಿಸಿದರೆ ನಾವು 48ರ ಹತ್ತಿರ. ಸಿಲ್ವರ್ಟನ್–ಊರೇ ನಡುವಿನ ಮಿಲಿಯನ್ ಡಾಲರ್ ಹೈವೇಗೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಎಷ್ಟೋ ಕಡೆ ತಡೆಗೋಡೆಯೇ ಇಲ್ಲ. ಬೇರ್‌ಟೂತ್ ಹೈವೇಯಲ್ಲಿ ಟ್ರೇಲರಿಗೆ ನಿಷೇಧವಿಲ್ಲವೆಂದು ನಾನು ಹಿಗ್ಗಿದೆ. 1936ರಲ್ಲಿ ತೆರೆದ ರಸ್ತೆ, 10,947 ಅಡಿಗೆ ಏರುತ್ತದೆ. ಹೆಂಡತಿ ಅದರ ಫೋಟೊ ನನ್ನ ಮುಂದೆ ಇಟ್ಟಳು. ಚಕ್ಕುಲಿ ಒತ್ತುವವರ ಕೈ ನಡುಗಿದರೆ ಹೇಗಿರುತ್ತದೋ ಹಾಗಿತ್ತು ರಸ್ತೆ. “ರೀ, ಇಲ್ಲಿ ತಿರುಗಿಸೋಕೆ ಆಗದಿದ್ರೆ ಹಿಂದೆ ಬರೋದು ಯಾರು?” ಅಂದಳು. ನಿಷೇಧ ಇಲ್ಲದ ರಸ್ತೆಯೇ ಹೆಚ್ಚು ಹೆದರಿಸುತ್ತದೆ. ಬೇಡವೆಂದು ಹೇಳುವ ಹೊಣೆ ನಮ್ಮ ತಲೆಗೇ ಬರುತ್ತದೆ.

ಕೊನೆಗೆ ಗ್ಲೇಷಿಯರ್. ಅಲ್ಲಿಯ ಮುಖ್ಯ ರಸ್ತೆಗೆ ‘ಗೋಯಿಂಗ್ ಟು ದ ಸನ್’ ಎಂದು ಹೆಸರು. ಬೆಟ್ಟದ ಪಕ್ಕೆಲುಬು ಕೆತ್ತಿ 1932ರಲ್ಲಿ ಮುಗಿಸಿದ ಸುಮಾರು 50 ಮೈಲಿಯ ದಾರಿ. ಬಂಪರಿನಿಂದ ಬಂಪರಿಗೆ 21 ಅಡಿ, ಕನ್ನಡಿ ಸೇರಿ ಅಗಲ 8 ಅಡಿ ಮೀರಿದ್ದು ಮೇಲಿನ ಘಟ್ಟಕ್ಕೆ ಹತ್ತುವಂತಿಲ್ಲ. ಸೂರ್ಯನ ಬಳಿಗೆ ಮನೆ ಸಮೇತ ಹೋಗಲು ಅಪ್ಪಣೆ ಇಲ್ಲ.

ಇಷ್ಟು ಹೊತ್ತಿಗೆ ಹೆಂಡತಿಯೂ ಅಮ್ಮನೂ ಸಾಮಾನಿನ ಪಟ್ಟಿ ಮುಗಿಸಿದ್ದರು. ಇಲ್ಲಿ ನನಗೊಂದು ಪಾಠ ಕಾದಿತ್ತು. ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡ 10ರಿಂದ 15ರಷ್ಟು ಮುಂದಿನ ಕೊಕ್ಕೆಯ ಮೇಲೆ ಕೂರಬೇಕು. ಕಡಿಮೆಯಾದರೆ ಹೆದ್ದಾರಿಯಲ್ಲಿ ಅದು ನಾಯಿಬಾಲದ ಹಾಗೆ ಅಲ್ಲಾಡಲು ಶುರುಮಾಡುತ್ತದೆ. ಇಲ್ಲಿ ಬಾಲವೇ ನಾಯಿಯನ್ನು ಅಲ್ಲಾಡಿಸುತ್ತದೆ. ಹೀಗಾಗಿ 20 ಪೌಂಡಿನ ಸೋನಾ ಮಸೂರಿ ಚೀಲ, ಕುಕ್ಕರ್, ಕಲ್ಲಿನ ಗ್ರೈಂಡರ್ ಎಲ್ಲಿ ಕೂರಬೇಕೆಂಬುದು ವಿಜ್ಞಾನದ ವಿಷಯವಾಯಿತು. ಗ್ರೈಂಡರ್ ಬೇಡವೆಂದೆ. “ದೋಸೆ ಬೇಡ್ವಾ?” ಎಂದಳು ಅಮ್ಮ. ಗ್ರೈಂಡರ್ ಮುಂದೆ ಕೂತಿತು. ಇಷ್ಟನ್ನೂ ಎಳೆಯುವ ಎಂಜಿನ್ ಬೇರೆ ಎತ್ತರಕ್ಕೆ ಏದುಸಿರು ಬಿಡುತ್ತದೆ. ಟರ್ಬೊ ಇಲ್ಲದಿದ್ದರೆ ಪ್ರತಿ ಸಾವಿರ ಅಡಿಗೆ ಹೆಚ್ಚುಕಡಿಮೆ ಶೇಕಡ 3ರಷ್ಟು ಬಲ ಸೋರಿಹೋಗುತ್ತದೆ. ನಮ್ಮದಕ್ಕೆ ಟರ್ಬೊ ಇಲ್ಲ. ನನಗೂ ಇಲ್ಲ.

ಏರುವುದಕ್ಕಿಂತ ಇಳಿಯುವುದು ಕಷ್ಟವೆಂದು ಇಲ್ಲಿಯವರು ಎಚ್ಚರಿಸುತ್ತಾರೆ. ಬ್ರೇಕನ್ನೇ ತುಳಿಯುತ್ತಾ ಕೂತರೆ ಕಾದು, ಹೊಗೆಯಾಡಿ, ಕೊನೆಗೆ ಹಿಡಿಯುವುದೇ ಇಲ್ಲ. ಅಭ್ಯಾಸಕ್ಕೆಂದು ಒಂದು ಭಾನುವಾರ ಬರಿಯ ಪಿಕಪ್ಪಿನಲ್ಲಿ ಐಸೆನ್‌ಹೋವರ್ ಸುರಂಗದ ತನಕ ಹೋಗಿದ್ದೆವು. ವಾಪಸಾಗುವಾಗ ಹೆದ್ದಾರಿಯಿಂದ ಕವಲೊಡೆದು ಬೆಟ್ಟದ ಮೇಲಕ್ಕೆ ಏರುವ ಜಲ್ಲಿದಾರಿಯೊಂದನ್ನು ನೋಡಿ ಅಮ್ಮ, “ಅದು ಯಾರ ತೋಟಕ್ಕೆ ಹೋಗೋ ದಾರಿ?” ಎಂದಳು. ಬ್ರೇಕ್ ಹೋದ ಲಾರಿಗಳು ನುಗ್ಗಿ ನಿಲ್ಲಲು ಮಾಡಿಟ್ಟದ್ದು ಎಂದೆ. ಅಮ್ಮ ಸ್ವಲ್ಪ ದೂರ ಸುಮ್ಮನಿದ್ದಳು. ಆಮೇಲೆ, “ಆಗುಂಬೆ ಘಾಟಿಲಿ ನಮ್ಮ ಬಸ್ಸಿನವ್ರು ಹತ್ತಿದ ಗೇರಲ್ಲೇ ಇಳೀತಾ ಇದ್ರಪ್ಪ” ಎಂದಳು. ನಾನು ಮೂರು ರಾತ್ರಿ ಓದಿ ಕಲಿತದ್ದೂ ಅಷ್ಟೇ. ಆಗುಂಬೆಯ 14 ತಿರುವುಗಳನ್ನು ಹೊಟ್ಟೆ ಹಿಡಿದುಕೊಂಡು ಇಳಿದವಳ ಮುಂದೆ ನಾನೇನು ಹೇಳಲಿ.

ಆದರೂ ನನ್ನ ನಿಜವಾದ ಶತ್ರು ಬೆಟ್ಟವಲ್ಲ, ರಿವರ್ಸ್. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ಸ್ಟಿಯರಿಂಗಿನ ತಳವನ್ನು ಹಿಡಿ, ಟ್ರೇಲರ್ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸು ಎನ್ನುತ್ತಾರೆ ಬಲ್ಲವರು. ನಮ್ಮೂರಿನಲ್ಲಿ ಮೀಸೆ ಮೂಡದ ಹುಡುಗರು ಕವಳ ಜಗಿಯುತ್ತಾ, ಭತ್ತ ತುಂಬಿದ ಟ್ರಾಕ್ಟರ್ ಟ್ರೇಲರನ್ನು ಒಂದೇ ಏಟಿಗೆ ಅಂಗಳಕ್ಕೆ ರಿವರ್ಸ್ ತಂದು ನಿಲ್ಲಿಸುತ್ತಿದ್ದರು. ನಾನಾಗ ಚಾವಡಿಯಲ್ಲಿ ಕೂತು ಭೌತಶಾಸ್ತ್ರ ಓದುತ್ತಿದ್ದೆ. ಈಗ ನೋಡಿದರೆ ಭೌತಶಾಸ್ತ್ರ ಅವರಿಗೇ ಬಂದಿತ್ತು.

ರಜಾದಿನ ಒಂದು ಶಾಲೆಯ ಖಾಲಿ ಪಾರ್ಕಿಂಗಿನಲ್ಲಿ ಅಭ್ಯಾಸ ಶುರುವಾಯಿತು. ಹೆಂಡತಿ ಹಿಂದೆ ನಿಂತು, “ರೀ, ಬಲಕ್ಕೆ... ನನ್ನ ಬಲ ಅಲ್ಲ, ನಿಮ್ಮ ಬಲ... ಗಾಡಿದಲ್ಲ, ಟ್ರೇಲರಿಂದು!” ಎಂದು ಕೂಗುತ್ತಿದ್ದಳು. ಅರ್ಧ ಗಂಟೆಯಲ್ಲಿ ಪಿಕಪ್ಪೂ ಟ್ರೇಲರೂ ಮಡಚಿದ ಅಡಿಕೆಕತ್ತರಿಯಾಗಿದ್ದವು. ನಾವಿಬ್ಬರೂ ಮಾತು ಬಿಟ್ಟಿದ್ದೆವು. ಆಗ ಅಮ್ಮ ಮಡಚುಕುರ್ಚಿಯಿಂದ ಎದ್ದು, ಶಾಲು ಹೊದ್ದುಕೊಂಡು, ಟ್ರೇಲರಿನ ಹಿಂದೆ ಹೋಗಿ ನಿಂತು, ಅದರ ಬೆನ್ನಿಗೆ ಎರಡು ಬಾರಿ ಫಟ್ ಫಟ್ ಎಂದು ತಟ್ಟಿದಳು. “ಬರ್ಲಿ, ಬರ್ಲಿ, ಬರ್ಲಿ... ಹಾಂ, ಬರ್ಲಿ... ಹೋಲ್ಡಾನ್!” ಎಡಬಲದ ಮಾತೇ ಇಲ್ಲ. ನಲವತ್ತು ವರ್ಷ ಬಸ್ಸಿನಲ್ಲಿ ಓಡಾಡಿದವಳ ದನಿ. ಟ್ರೇಲರ್ ಎರಡು ಬಿಳಿ ಗೆರೆಗಳ ನಡುವೆ ನಿಂತಿತ್ತು. ಮತ್ತೆ ಹತ್ತು ಸಲ ಪ್ರಯತ್ನಿಸಿದರೂ ಅದು ಅಲ್ಲಿ ನಿಲ್ಲಲಿಲ್ಲ, ಆ ಮಾತು ಬೇರೆ.

ಈಗ ಯೋಜನೆ ಹೀಗಿದೆ. ಘಾಟಿ ಯಾವುದೂ ಬೇಡ. ಐ-25 ಹಿಡಿದು ವಯೊಮಿಂಗಿನ ಬಫಲೊ, ಅಲ್ಲಿಂದ ಐ-90. ವಯೊಮಿಂಗಿನ ಗಾಳಿ ಹಗುರದ ಟ್ರೇಲರುಗಳನ್ನು ಮಗುಚುತ್ತದಂತೆ. ಗ್ರೈಂಡರ್ ಇರುವುದು ಒಳ್ಳೆಯದೇ ಆಯಿತು. ಗ್ಲೇಷಿಯರಿನ ತಪ್ಪಲಿನಲ್ಲಿ ಟ್ರೇಲರ್ ಬಿಚ್ಚಿಟ್ಟು ಬರಿಯ ಪಿಕಪ್ಪಿನಲ್ಲಿ ಘಟ್ಟ ಹತ್ತುವುದು. ಟೇಪು ಹಿಡಿದು ಅಳೆದಿದ್ದೇನೆ: 19 ಅಡಿ ಚಿಲ್ಲರೆ, ಟ್ರೇಲರಿಗೆಂದು ಹೊರಚಾಚಿದ ಕನ್ನಡಿಗಳನ್ನು ಒಳಕ್ಕೆ ಮಡಚಬೇಕು. “ಅಂದ್ರೆ ಮನೆ ಕೆಳಗೆ ಬಿಟ್ಟು ಹೋಗೋದು ಅಂತಾಯ್ತು” ಎಂದಳು ಅಮ್ಮ. ನಾನು ಉತ್ತರಿಸಲಿಲ್ಲ.

ಕ್ಯಾಂಪ್‌ಗ್ರೌಂಡಿನಲ್ಲಿ ಜಾಗ ಕಾದಿರಿಸಿದ್ದೇನೆ, ಜುಲೈ 12ರಿಂದ ನಾಲ್ಕು ರಾತ್ರಿ. ಹೊಳೆಯ ದಡದ ಜಾಗವೂ ಖಾಲಿಯಿತ್ತು, ಅದಕ್ಕೆ ಹಿಂದೆಮುಂದೆ ಮಾಡಿ ನುಗ್ಗಿಸಬೇಕು. ನಾನು ಹಿಡಿದದ್ದು ಶೌಚಾಲಯದ ಪಕ್ಕದ್ದು. ಈ ಕಡೆಯಿಂದ ಒಳಗೆ ಹೋಗಿ ಆ ಕಡೆಯಿಂದ ಹೊರಗೆ ಬರಬಹುದು.