ಅಲ್ಪಶುಲ್ಕ-ವ್ಯೋಮಯಾನ-ಮೀಮಾಂಸೆ: ಪ್ರಥಮ ಪ್ರಕರಣ

ವಿಮಾನವನ್ನು ಕುರಿತು ಯಂತ್ರಶಾಸ್ತ್ರಜ್ಞರು ಬರೆದಿದ್ದಾರೆ, ಅರ್ಥಶಾಸ್ತ್ರಜ್ಞರು ಬರೆದಿದ್ದಾರೆ, ಪ್ರವಾಸಕಥನಕಾರರಂತೂ ಅಗತ್ಯಕ್ಕಿಂತ ಹೆಚ್ಚಾಗಿಯೇ ಬರೆದಿದ್ದಾರೆ. ಆದರೆ ಅಗ್ಗದ ಟಿಕೆಟ್ ಕೊಂಡು ಸಮುದ್ರೋಲ್ಲಂಘನ ಮಾಡುವ ಜೀವಿಯ ಸ್ಥಿತಿಗತಿಗಳನ್ನು ಲಕ್ಷಣ-ಭೇದ-ಉಪಭೇದ ಸಹಿತ ನಿರೂಪಿಸುವ ಶಾಸ್ತ್ರವೊಂದು ಇನ್ನೂ ಹುಟ್ಟಿಲ್ಲ. ಅದನ್ನು ಇಲ್ಲಿ ಪ್ರವರ್ತಿಸಲಾಗಿದೆ. ಉದಾಹರಣೆಗಳು ಮುಖ್ಯವಾಗಿ ಬೆಂಗಳೂರು–ಕ್ವಾಲಾಲಂಪುರ ಮಾರ್ಗದವು. ಆವಶ್ಯಕವಾದೆಡೆ ಐರೋಪ್ಯ ಮಾರ್ಗಗಳವು.

1. ಲಕ್ಷಣ. ಯಾವ ಯಾನದಲ್ಲಿ ಪ್ರಯಾಣಿಕನ ದೇಹಮಾತ್ರಕ್ಕೆ ಒಂದು ಬೆಲೆಯೂ ಆ ದೇಹದ ಸಮಸ್ತ ಅನುಬಂಧಗಳಿಗೆ ಪ್ರತ್ಯೇಕ ಪ್ರತ್ಯೇಕ ಬೆಲೆಯೂ ನಿಗದಿಯಾಗಿರುತ್ತದೆಯೋ ಅದು ಅಲ್ಪಶುಲ್ಕಯಾನ. ಬಾಡಿಗೆ ಬೇರೆ, ಜನರೇಟರ್ ಬೇರೆ, ಪಾತ್ರೆ ಬೇರೆ, ಕಸ ಗುಡಿಸುವುದು ಬೇರೆ ಎಂದು ಲೆಕ್ಕ ಬರೆಯುವ ಕಲ್ಯಾಣ ಮಂಟಪದಲ್ಲಿ ಈ ಲಕ್ಷಣಕ್ಕೆ ಅತಿವ್ಯಾಪ್ತಿ ಬಂದೀತೆಂದು ಆಕ್ಷೇಪಿಸಬಹುದು. ತನ್ನಿವಾರಣಾರ್ಥವಾಗಿ ‘ಆಕಾಶಗಾಮಿತ್ವೇ ಸತಿ’ ಎಂಬ ವಿಶೇಷಣವನ್ನು ಸೇರಿಸಿಕೊಳ್ಳತಕ್ಕದ್ದು.

2. ಆಚಾರ್ಯಪರಂಪರೆ. ಪೂರ್ವಾಚಾರ್ಯರಲ್ಲಿ ಪ್ರಮುಖರು ಟೆಕ್ಸಾಸಿನ ಸೌತ್‌ವೆಸ್ಟ್ ಸಂಸ್ಥೆಯವರು. 1971ರಲ್ಲಿ ಹಾರಾಟ ಆರಂಭಿಸಿ, ಮರುವರ್ಷವೇ ಹಣದ ಮುಗ್ಗಟ್ಟಿನಿಂದ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಿ, ನಾಲ್ಕರ ವೇಳಾಪಟ್ಟಿಯನ್ನು ಮೂರರಲ್ಲೇ ನಿಭಾಯಿಸಲು ಇಳಿದ ವಿಮಾನವನ್ನು ಹತ್ತೇ ನಿಮಿಷದಲ್ಲಿ ಮತ್ತೆ ಹೊರಡಿಸುವ ವಿಧಾನ ಕಂಡುಕೊಂಡರು. ಇಂದು ಗಗನಸಖಿ ‘ಬೇಗ ಕೂತ್ಕೊಳ್ಳಿ’ ಎನ್ನುವುದರ ಮೂಲಕಾರಣ ಆ ಮಾರಿಹೋದ ವಿಮಾನವೇ. ಸಮುದ್ರ ದಾಟಿಸಿದವರು ಫ್ರೆಡ್ಡಿ ಲೇಕರ್: 1977ರಲ್ಲಿ ಲಂಡನ್ನಿನಿಂದ ನ್ಯೂಯಾರ್ಕಿಗೆ 59 ಪೌಂಡ್, ಊಟಕ್ಕೆ ಬೇರೆ ದುಡ್ಡು, 1982ರಲ್ಲಿ ದಿವಾಳಿ. ಪ್ರಾಚ್ಯಶಾಖೆಯ ಟೋನಿ ಫರ್ನಾಂಡಿಸ್ 2001ರಲ್ಲಿ ಮಲೇಷಿಯಾದ ಏರ್‌ಏಷ್ಯಾವನ್ನು ಒಂದು ರಿಂಗಿಟ್ಟಿಗೆ ಕೊಂಡರು. ಅದರ ಸುಮಾರು 4 ಕೋಟಿ ರಿಂಗಿಟ್ ಸಾಲ ಪ್ರತ್ಯೇಕ. ಮೂಲದರ ಅತ್ಯಲ್ಪ, ಅನುಬಂಧ ಅಪಾರ ಎಂಬ ಸೂತ್ರವನ್ನು ಆಚಾರ್ಯರು ಮೊದಲು ಸ್ವಯಂ ಅನುಭವಿಸಿದ್ದು ಹೀಗೆ. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಕಟ್ಟಿದ ಏರ್ ಡೆಕ್ಕನ್ ದೇಶದೊಳಗೇ ಸಂಚರಿಸಿದ್ದರಿಂದ ಈ ಪ್ರಕರಣದ ವ್ಯಾಪ್ತಿಗೆ ಬಾರದು. ಅವರಿಗೆ ಇಲ್ಲಿಂದಲೇ ವಂದನೆ.

3. ವಿಕಾರತ್ರಯ. ವೈಯಾಕರಣರು ಸಂಧಿಯಲ್ಲಿ ಕಂಡ ಲೋಪ, ಆಗಮ, ಆದೇಶಗಳೆಂಬ ಮೂರು ವಿಕಾರಗಳು ಅಲ್ಪಶುಲ್ಕಯಾನದಲ್ಲಿ ಅವಿಕಲವಾಗಿ ದೊರೆಯುತ್ತವೆ.

3.1 ಲೋಪವು ತ್ರಿವಿಧ: ಅನ್ನಲೋಪ, ಶಯನಕೋನಲೋಪ, ಕೋಶಲೋಪ. ಕೊನೆಯ ಎರಡಕ್ಕೂ ಐರ್ಲೆಂಡಿನ ರಯನ್‌ಏರ್ ಉತ್ತಮ ನಿದರ್ಶನ: ಆಸನದ ಬೆನ್ನು ಬಾಗದು, ಮುಂದಿನ ಆಸನದ ಹಿಂಬದಿಯಲ್ಲಿ ಜೇಬಿಲ್ಲ, ಸುರಕ್ಷತಾ ಸೂಚನೆಗಳನ್ನು ಅಲ್ಲಿಯೇ ಅಂಟಿಸಿರುತ್ತಾರೆ. ಅನ್ನಲೋಪವಾದಲ್ಲಿ ಪ್ರಯಾಣಿಕನು ಮಲಯ ಅನ್ನಭಕ್ಷ್ಯವಾದ ನಾಸಿ ಲೆಮಾಕ್ ಕೊಂಡು ತಿನ್ನುವನು, ಇಲ್ಲವೇ ನಿಯಮ ಮೀರಿ ಪುಳಿಯೋಗರೆಯ ಪೊಟ್ಟಣ ಬಿಚ್ಚುವನು. ಗಂಧವತಿಯಾದುದು ಪೃಥ್ವಿ ಎಂದು ತಾರ್ಕಿಕರು ಹೇಳಿರುವುದರಿಂದ ಪುಳಿಯೋಗರೆಯ ಪಾರ್ಥಿವತ್ವ ನಿರ್ವಿವಾದ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ಮೂರು ಸಾಲು ಹಿಂದೆ ಕೂತವರೂ ಅದನ್ನು ಅನುಮಾನಪ್ರಮಾಣದಿಂದ ತಿಳಿಯುತ್ತಾರೆ.

3.2 ಆಗಮವು ಚತುರ್ವಿಧ. (ಅ) ನಿತ್ಯ: ತೆರಿಗೆ ಮತ್ತು ವಿಮಾನನಿಲ್ದಾಣ ಶುಲ್ಕ. (ಆ) ಕಾಮ್ಯ: ಕಿಟಕಿ ಪಕ್ಕದ ಆಸನ, ಕಾಲು ಚಾಚುವ ಜಾಗ. (ಇ) ನೈಮಿತ್ತಿಕ: ತಾರೀಖು ಬದಲಾವಣೆ, ಹೆಸರಿನ ಕಾಗುಣಿತ ತಿದ್ದುಪಡಿ. ತಂದೆಯ ಹೆಸರು, ಊರಿನ ಹೆಸರು, ಇನಿಷಿಯಲ್ಲುಗಳನ್ನು ಪಾಸ್‌ಪೋರ್ಟಿನಲ್ಲಿ ಒಂದು ಕ್ರಮದಲ್ಲೂ ಟಿಕೆಟ್ಟಿನಲ್ಲಿ ಇನ್ನೊಂದು ಕ್ರಮದಲ್ಲೂ ಬರೆಯುವ ನಮ್ಮವರಿಗೆ ಇದು ವಿಶೇಷವಾಗಿ ಪ್ರಾಪ್ತ. (ಈ) ಪ್ರಾಯಶ್ಚಿತ್ತ: ಮನೆಯಲ್ಲೇ ಚೆಕ್-ಇನ್ ಮಾಡದೆ ಬಂದ ಪಾಪಕ್ಕೆ ಕೌಂಟರಿನಲ್ಲಿ ತೆರುವುದು. ದಂಪತಿ ಪಕ್ಕಪಕ್ಕದಲ್ಲಿ ಕೂರುವುದು ನಿತ್ಯವೋ ಕಾಮ್ಯವೋ ಎಂಬಲ್ಲಿ ಮತಭೇದವಿದೆ. ಹಣ ಕೊಡದಿದ್ದರೆ ಪತಿಗೆ ನಾಲ್ಕನೆಯ ಸಾಲು, ಪತ್ನಿಗೆ ಇಪ್ಪತ್ತೇಳನೆಯದು ದೊರೆಯುವ ಸಂಭವವಿರುವುದರಿಂದ ಸಂಸ್ಥೆಗಳು ಅದನ್ನು ಕಾಮ್ಯವೆಂದೇ ಗಣಿಸುತ್ತವೆ.

3.3 ಆದೇಶವೆಂದರೆ ಒಂದರ ಸ್ಥಾನದಲ್ಲಿ ಇನ್ನೊಂದು ಬರುವುದು. ಪ್ಯಾರಿಸ್ ಎಂದಿದ್ದಲ್ಲಿ ಸುಮಾರು 85 ಕಿಲೋಮೀಟರ್ ದೂರದ ಬೋವೆ. ಫ್ರಾಂಕ್‌ಫರ್ಟ್ ಎಂದಿದ್ದಲ್ಲಿ ಸುಮಾರು 120 ಕಿಲೋಮೀಟರ್ ಆಚೆಯ ಹಾನ್. ದೇವನಹಳ್ಳಿಯನ್ನು ಬೆಂಗಳೂರೆಂದು ಒಪ್ಪಿಕೊಂಡಿರುವ ನಾವು ಈ ವಿಷಯದಲ್ಲಿ ಹೆಚ್ಚು ಮಾತಾಡದಿರುವುದು ಲೇಸು.

4. ಭಾರವಿಚಾರ. ಶಾಸ್ತ್ರದ ಹೃದಯವಿದು. ಈ ಮಾರ್ಗದಲ್ಲಿ ಕೈಚೀಲದ ಮಿತಿ 7 ಕಿಲೋ. ವೈಶೇಷಿಕರ ಮತದಲ್ಲಿ ಗುರುತ್ವವು ಗುಣ. ಗುಣವು ದ್ರವ್ಯವನ್ನು ಆಶ್ರಯಿಸಿಯೇ ಇರತಕ್ಕದ್ದು. ತೂಕದ ಯಂತ್ರ 9.4 ತೋರಿಸಿದಾಗ ಉಳಿದ 2.4 ಕಿಲೋ ಗುರುತ್ವಕ್ಕೆ ಅನ್ಯಾಶ್ರಯ ಕಲ್ಪಿಸುವುದೇ ಪ್ರಯಾಣಿಕನ ಕರ್ತವ್ಯ. ಆಶ್ರಯಭೇದದಿಂದ ಪ್ರಯಾಣಿಕರು ನಾಲ್ಕು ಬಗೆ.

4.1 ದೇಹಾಶ್ರಯಿ. ‘ರೀ, ಚಟ್ನಿಪುಡಿ ಡಬ್ಬ ನಿಮ್ಮ ಜರ್ಕಿನ್ ಒಳಜೇಬಿಗೆ ಹಾಕ್ಕೊಳ್ಳಿ’ ಎಂಬ ವಿಧಿವಾಕ್ಯದಿಂದ ಪ್ರೇರಿತನಾದವನು. ಕ್ವಾಲಾಲಂಪುರದ ಸೆಕೆಗೆ ಜರ್ಕಿನ್ನು ನಿರರ್ಥಕವೆಂಬ ಆಕ್ಷೇಪ ಸಲ್ಲದು. ಅದು ವಸ್ತ್ರವಲ್ಲ, ಎರಡನೆಯ ಕೈಚೀಲ.

4.2 ಬಂಧ್ವಾಶ್ರಯಿ. ತನ್ನ ಭಾರವನ್ನು ಹಗುರ ಚೀಲದ ಮೈದುನನಿಗೆ ಹಂಚುವವನು. ಇಳಿದ ಮೇಲೆ ಯಾರ ಚಾರ್ಜರ್ ಯಾರ ಬಳಿ ಇದೆ ಎಂಬ ವಿವಾದ ಈ ಭೇದದ ಅವಿನಾಭಾವಿ ಲಕ್ಷಣ.

4.3 ಕಂಠಾಶ್ರಯಿ. ಕುತ್ತಿಗೆಯ ದಿಂಬಿನಿಂದ ಹತ್ತಿ ತೆಗೆದು ಬನಿಯನ್‌ಗಳನ್ನು ತುಂಬಿದವನು. ಈ ಬಗೆಯವರು ನವೀನರು.

4.4 ನಿರಾಶ್ರಯಿ. ಕಾರ್ಡು ತೆಗೆದುಕೊಡುವವನು.

ಮೊದಲ ಮೂರು ಭೇದಗಳಲ್ಲಿಯೂ, ದಿಂಬಿನ ಹತ್ತಿಯೊಂದನ್ನು ಬಿಟ್ಟರೆ, ವಿಮಾನವು ಹೊರುವ ಒಟ್ಟು ಭಾರದಲ್ಲಿ ಗುಂಜಿಯಷ್ಟೂ ವ್ಯತ್ಯಾಸವಿಲ್ಲ. ಸಂಸ್ಥೆಗೂ ಇದು ಗೊತ್ತು. ಆದಕಾರಣ ತೂಗುವಿಕೆಯ ಪ್ರಯೋಜನವು ಭೌತಿಕವಲ್ಲ, ವಿಧ್ಯಾತ್ಮಕವೆಂದು ಸಿದ್ಧ.

5. ಕಾಲದೋಷ. ಹನ್ನೆರಡನೆಯ ತಾರೀಖು 00:20ಕ್ಕೆ ಹೊರಡುವ ವಿಮಾನಕ್ಕೆ ಹನ್ನೆರಡರ ರಾತ್ರಿ ಊಟ ಮುಗಿಸಿ ಬರುವವರುಂಟು. ಪಂಚಾಂಗದಲ್ಲಿ ವಾರವು ಸೂರ್ಯೋದಯದಿಂದ ಸೂರ್ಯೋದಯಕ್ಕೆ; ಆ ಲೆಕ್ಕದಲ್ಲಿ ಆ ವಿಮಾನ ಹಾರಿದ್ದು ಹಿಂದಿನ ದಿನವೇ. ಆದ್ದರಿಂದ ಅವರು ಶಾಸ್ತ್ರತಃ ನಿರ್ದೋಷಿಗಳು. ಆದರೂ ಅಗ್ಗದ ಟಿಕೆಟ್ಟಿಗೆ ಸಾಮಾನ್ಯವಾಗಿ ಮರುಪಾವತಿ ಇಲ್ಲ.

6. ಅಂಕಶಿಶುವಿಚಾರ. ಎರಡು ವರ್ಷದೊಳಗಿನ ಕೂಸಿಗೆ ಆಸನವಿಲ್ಲ, ಶುಲ್ಕವುಂಟು. ದರ ಕಡಿತದ ದಿನಗಳಲ್ಲಿ ಆ ಶುಲ್ಕ ತಾಯಿಯ ಟಿಕೆಟ್ಟಿನ ಮೂಲದರವನ್ನು ಮೀರುವುದೂ ಉಂಟು. ತಾಯಿಯ ಟಿಕೆಟ್ಟಿಗೇ ಅಂಟಿಕೊಂಡು ಬರುವುದರಿಂದ ಕೂಸನ್ನು ಆಗಮದಲ್ಲಿ ಸೇರಿಸಬೇಕೆಂದು ಒಂದು ಪಕ್ಷ. ಇನ್ನೊಂದು ಪಕ್ಷದವರು ಅದು ಪ್ರಯಾಣಿಕನೇ ಎನ್ನುತ್ತಾರೆ. ಅವರಿಗಿರುವ ಆಧಾರ ಒಂದೇ, ಕೌಂಟರಿನಲ್ಲಿ ಅದನ್ನು ತೂಗುವುದಿಲ್ಲ.